ಕಡಿದ ಕೊಂಡಿಯ ಶೋಧನೆ

ಮಳೆಗಾಲದ ಒಂದು ಸಂಜೆ. ಮಲೆನಾಡಿನ ಹಳ್ಳಿಯೊಂದರ ಮನೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹಳೆಯ ಕಂಪ್ಯೂಟರೊಂದರ ಮುಂದೆ ಕುಳಿತಿದ್ದಾಳೆಂದು ಭಾವಿಸಬಹುದು. ವಿದ್ಯಾರ್ಥಿವೇತನದ ಅರ್ಜಿಯನ್ನು ಸಲ್ಲಿಸಲು ಅಂದೇ ಕೊನೆಯ ದಿನ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮೊದಲಾದವುಗಳ ಪ್ರತಿಗಳೆಲ್ಲವೂ ಆ ಯಂತ್ರದಲ್ಲಿಯೇ ಇವೆ. ಮಧ್ಯಾಹ್ನ ವಿದ್ಯುತ್ತು ಬಹಳ ಹೊತ್ತು ಹೋಗಿ ಈಗ ಮರಳಿ ಬಂದಿದೆ. ಆಕೆ ಅರ್ಜಿಯ ಪುಟವನ್ನು ತೆರೆಯಲು ಯತ್ನಿಸಿದರೆ, ಪುಟದ ಬದಲು ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆಯ ಮಾತೊಂದು ಪರದೆಯ ಮೇಲೆ ಮೂಡುತ್ತದೆ. ಬೇರೆ ಪುಟಗಳ ಸ್ಥಿತಿಯೂ ಅದೇ.

ಮನೆಯವರೆಲ್ಲ ಸುತ್ತ ನೆರೆಯುತ್ತಾರೆ. ರೂಟರನ್ನು ಆರಿಸಿ ಹೊತ್ತಿಸಬೇಕೆಂದು ಅಣ್ಣನ ಸಲಹೆ. ಗಾಳಿಗೆ ಎಲ್ಲಿಯೋ ತಂತಿ ಕಡಿದಿರಬೇಕೆಂದು ತಂದೆಯ ಊಹೆ. ಯಂತ್ರವೇ ಹಳತಾಯಿತು, ಇನ್ನು ಹೊಸದನ್ನು ಕೊಳ್ಳುವುದೇ ಲೇಸೆಂದು ನೆರೆಮನೆಯವರ ತೀರ್ಪು. ಮೂವರ ಮಾತಿನಲ್ಲಿಯೂ ಒಂದೊಂದು ಸಾಧ್ಯತೆ ಇದೆ. ಆದರೆ ಯಾವುದು ನಿಜವೆಂದು ಅರಿಯುವ ದಾರಿಯನ್ನು ಯಾರೂ ತೋರಿಸಿಲ್ಲ. ಗಡಿಯಾರದ ಮುಳ್ಳು ಮಾತ್ರ ಮುಂದೆ ಸಾಗುತ್ತಿದೆ.

ಇಂತಹ ಸನ್ನಿವೇಶ ಇಂದು ಅಪೂರ್ವವಾದುದಲ್ಲ. ಕೋವಿಡ್ ರೋಗದ ಕಾರಣದಿಂದ 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಮಲೆನಾಡಿನ ಹಾಗೂ ಕರಾವಳಿಯ ಎಷ್ಟೋ ಮಕ್ಕಳು ದೂರವಾಣಿಯ ಸಂಕೇತವನ್ನು ಅರಸಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಅರ್ಜಿ, ಫಲಿತಾಂಶ, ಪಾಠ, ವೇತನ ಇವೆಲ್ಲವೂ ಕಣ್ಣಿಗೆ ಕಾಣದ ಅಲೆಗಳ ಮೂಲಕವೇ ಮನೆಗೆ ಬರುವ ಕಾಲವಿದು. ಆದುದರಿಂದ ಆ ಅಲೆಗಳ ದಾರಿ ಎಲ್ಲಿ ಕಡಿಯಿತೆಂದು ಕಂಡುಹಿಡಿಯುವ ವಿವೇಕವೂ ವಿದ್ಯೆಯ ಒಂದು ಭಾಗವೇ ಆಗಿದೆ.

ತಂತಿಯ ನೆರವಿಲ್ಲದೆ ಸಂದೇಶವನ್ನು ಕಳುಹಿಸುವ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ವಿದ್ಯುತ್ಕಾಂತೀಯ ಅಲೆಗಳು ಇರಲೇಬೇಕೆಂದು 1860ರ ದಶಕದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದ ಮೂಲಕ ತೋರಿಸಿದನು. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅವುಗಳನ್ನು ಪ್ರಯೋಗಶಾಲೆಯಲ್ಲಿ ಉತ್ಪಾದಿಸಿದನು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂತಹ ಅಲೆಗಳು ಗೋಡೆಗಳನ್ನು ದಾಟಿ ಹೋಗಬಲ್ಲವೆಂದು ಸಭಿಕರ ಎದುರಿನಲ್ಲಿಯೇ ತೋರಿಸಿಕೊಟ್ಟರು. ಮುಂದೆ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಕಡಲಿನಿಂದ ಬೇರ್ಪಟ್ಟ ದ್ವೀಪಗಳನ್ನು ಒಂದು ಕಂಪ್ಯೂಟರಿನೊಡನೆ ರೇಡಿಯೊ ಅಲೆಗಳಿಂದ ಜೋಡಿಸಿದರು. ‘ಅಲೋಹ’ ಎಂಬ ಆ ಜಾಲವೇ ಇಂದಿನ ನಿಸ್ತಂತು ಜಾಲಗಳ ಪೂರ್ವಜ. 1997ರಲ್ಲಿ ಇಂತಹ ಜಾಲಗಳಿಗೆ ಸಾಮಾನ್ಯ ನಿಯಮಾವಳಿ ಸಿದ್ಧವಾಯಿತು. 1999ರಲ್ಲಿ ಅದಕ್ಕೆ ‘ವೈ-ಫೈ’ ಎಂಬ ಹೆಸರು ಬಂದಿತು.

ವೈ-ಫೈ ಮತ್ತು ಅಂತರಜಾಲ ಎರಡೂ ಒಂದೇ ಎಂಬ ಭಾವನೆ ಬಹುಜನರಲ್ಲಿದೆ. ಅನೇಕ ತೊಡಕುಗಳಿಗೆ ಈ ತಪ್ಪು ಭಾವನೆಯೇ ಮೂಲ. ವೈ-ಫೈ ಎಂಬುದು ಕಂಪ್ಯೂಟರಿಗೂ ಮನೆಯಲ್ಲಿರುವ ರೂಟರೆಂಬ ಪೆಟ್ಟಿಗೆಗೂ ನಡುವೆ ಇರುವ ಕೆಲವು ಮೀಟರುಗಳ ದಾರಿ ಮಾತ್ರ. ರೂಟರಿನಿಂದಾಚೆಗೆ ಗಾಜಿನ ತಂತುವೋ ತಾಮ್ರದ ತಂತಿಯೋ ಸೇವೆ ನೀಡುವ ಸಂಸ್ಥೆಯ ಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ದೂರದ ಊರಿನಲ್ಲಿ ಅರ್ಜಿಯ ಪುಟವನ್ನು ಇರಿಸಿಕೊಂಡಿರುವ ಮತ್ತೊಂದು ಕಂಪ್ಯೂಟರು ಇರುತ್ತದೆ. ಹೀಗೆ ಕಂಪ್ಯೂಟರು, ರೂಟರು, ಹೊರಗಿನ ತಂತಿ, ದೂರದ ಕಂಪ್ಯೂಟರು ಎಂಬ ನಾಲ್ಕು ಕೊಂಡಿಗಳ ಸರಪಳಿ ಇದು. ಯಾವ ಕೊಂಡಿ ಕಡಿದರೂ ಬಳಸುವವರಿಗೆ ಕಾಣುವುದು ಒಂದೇ: ಪುಟ ತೆರೆಯುವುದಿಲ್ಲ. ಲಕ್ಷಣ ಒಂದೇ ಆಗಿದ್ದರೂ ಕಾರಣಗಳು ಹಲವು. ಜ್ವರವೊಂದನ್ನೇ ಕಂಡು ಔಷಧ ಕೊಡುವ ವೈದ್ಯನು ಎಡವುವಂತೆ, ಕೊಂಡಿಯನ್ನು ಗುರುತಿಸದೆ ದುರಸ್ತಿಗೆ ಕೈಹಾಕುವವನೂ ಎಡವುತ್ತಾನೆ.

ಹಾಗಾದರೆ ಮೊದಲು ಮಾಡಬೇಕಾದುದೇನು? ಅದೇ ಮನೆಯಲ್ಲಿರುವ ಇನ್ನೊಂದು ಸಾಧನವನ್ನು, ಉದಾಹರಣೆಗೆ ಒಂದು ಮೊಬೈಲ್ ಫೋನನ್ನು, ಅದೇ ವೈ-ಫೈಗೆ ಜೋಡಿಸಿ ನೋಡಬೇಕು. ಹೀಗೆ ನೋಡುವಾಗ ಫೋನಿನ ಸ್ವಂತ ಮೊಬೈಲ್ ಡೇಟಾವನ್ನು ಆರಿಸಿರಬೇಕು. ಇಲ್ಲವಾದರೆ ಅದು ಗೋಪುರದ ಸಂಕೇತವನ್ನು ಹಿಡಿದು ಪುಟವನ್ನು ತೆರೆದುಬಿಡುತ್ತದೆ, ಪರೀಕ್ಷೆ ವ್ಯರ್ಥವಾಗುತ್ತದೆ. ಫೋನಿನಲ್ಲಿ ಪುಟ ತೆರೆದರೆ ರೂಟರು, ಹೊರಗಿನ ತಂತಿ, ದೂರದ ಕಂಪ್ಯೂಟರು ಮೂರೂ ಸರಿಯಾಗಿವೆ ಎಂದಾಯಿತು, ದೋಷವಿರುವುದು ಕಂಪ್ಯೂಟರಿನಲ್ಲಿ. ಫೋನಿನಲ್ಲಿಯೂ ಯಾವ ಪುಟವೂ ತೆರೆಯದಿದ್ದರೆ ದೋಷ ರೂಟರಿನಲ್ಲಿಯೋ ಅದರಾಚೆಗೋ ಇದೆ. ಒಂದೇ ಒಂದು ತಾಟು ಮಾತ್ರ ತೆರೆಯದೆ ಉಳಿದವೆಲ್ಲ ತೆರೆದರೆ ತಪ್ಪು ಆ ದೂರದ ಕಂಪ್ಯೂಟರಿನದೆಂದು ತಿಳಿಯಬಹುದು. ಅರ್ಧ ನಿಮಿಷದ ಈ ಪರೀಕ್ಷೆ ಹುಡುಕಾಟದ ಬಹುಭಾಗವನ್ನು ಮುಗಿಸುತ್ತದೆ.

ದೋಷ ಕಂಪ್ಯೂಟರಿನಲ್ಲಿದೆ ಎಂದಾದಾಗ ಸರಳವಾದ ಕಾರಣಗಳನ್ನು ಮೊದಲು ಪರಿಶೀಲಿಸಬೇಕು. ಪ್ರತಿಯೊಂದು ಕಂಪ್ಯೂಟರಿನ ವೈ-ಫೈ ಘಟಕವೂ ಒಂದು ಪುಟ್ಟ ರೇಡಿಯೊ. ವಿಮಾನಯಾನದ ಸ್ಥಿತಿ ಎಂಬ ಗುಂಡಿಯನ್ನು ಅರಿಯದೆ ಒತ್ತಿದರೆ ಆ ರೇಡಿಯೊ ಮೌನವಾಗುತ್ತದೆ. ಕೆಲವು ಮಡಿಸುವ ಕಂಪ್ಯೂಟರುಗಳಲ್ಲಿ ವೈ-ಫೈಗಾಗಿಯೇ ಬೇರೊಂದು ಗುಂಡಿಯಿರುತ್ತದೆ. ಹೊರಗಿನಿಂದ ಚುಚ್ಚುವ ಘಟಕವಾಗಿದ್ದರೆ ಅದು ಸಡಿಲವಾಗಿರಬಹುದು. ತೆಗೆದು ಬೇರೆ ರಂಧ್ರದಲ್ಲಿ ಚುಚ್ಚಿ ನೋಡಬೇಕು. ಈ ರೇಡಿಯೊವನ್ನು ನಡೆಸುವ ತಂತ್ರಾಂಶಕ್ಕೆ ಚಾಲಕವೆಂದು ಹೆಸರು. ಕಂಪ್ಯೂಟರು ತನ್ನನ್ನು ತಾನು ಪರಿಷ್ಕರಿಸಿಕೊಂಡ ಮರುದಿನವೇ ವೈ-ಫೈ ಕಾಣದಾದರೆ ಚಾಲಕದ ಮೇಲೆ ಸಂದೇಹಪಡುವುದು ಯುಕ್ತ. ಅದನ್ನು ಹಿಂದಿನ ಆವೃತ್ತಿಗೆ ಮರಳಿಸಬಹುದು, ಇಲ್ಲವೆ ತೆಗೆದು ಮತ್ತೆ ಸ್ಥಾಪಿಸಬಹುದು.

ಜಾಲದ ಹೆಸರು ಕಾಣಿಸುತ್ತದೆ, ಆದರೆ ಒಳಗೆ ಪ್ರವೇಶ ದೊರೆಯುವುದಿಲ್ಲ ಎಂಬುದು ಇನ್ನೊಂದು ಸಾಮಾನ್ಯ ದೂರು. ಇದಕ್ಕೆ ಬಹುಮಟ್ಟಿಗೆ ಗುಪ್ತಪದವೇ ಕಾರಣ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಯಂತ್ರವು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಸೊನ್ನೆಯನ್ನೂ ಓ ಎಂಬ ಅಕ್ಷರವನ್ನೂ ಒಂದೆಂದು ತಿಳಿಯುವುದಿಲ್ಲ. ಮತ್ತೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ರೂಟರಿನಲ್ಲಿ ಗುಪ್ತಪದವನ್ನು ಬದಲಿಸಿದ ಬಳಿಕವೂ ಕಂಪ್ಯೂಟರು ತಾನು ನೆನಪಿಟ್ಟುಕೊಂಡ ಹಳೆಯ ಪದವನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿರುತ್ತದೆ. ಆಗ ಆ ಜಾಲವನ್ನು ಮರೆಯುವಂತೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟು, ಹೊಸ ಪದವನ್ನು ನೀಡಿ ಪುನಃ ಜೋಡಿಸಬೇಕು.

ಸಂಪರ್ಕ ದೊರೆತೂ ಪುಟಗಳು ತಡವರಿಸುತ್ತಿದ್ದರೆ, ಇಲ್ಲವೆ ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ, ಅಲೆಗಳ ಸ್ವಭಾವವನ್ನು ವಿಚಾರಿಸಬೇಕು. ವೈ-ಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆವೃತ್ತಿಗಳ ಸುತ್ತ ಕೆಲಸ ಮಾಡುತ್ತದೆ. ಮೊದಲನೆಯದರ ತರಂಗದೂರ ಸುಮಾರು ಹನ್ನೆರಡೂವರೆ ಸೆಂಟಿಮೀಟರು, ಎರಡನೆಯದರದು ಸುಮಾರು 6 ಸೆಂಟಿಮೀಟರು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಗೋಡೆ ಇದ್ದರೆ ಇನ್ನಷ್ಟು ಇಳಿಕೆ. ಜಂಬಿಟ್ಟಿಗೆಯ ದಪ್ಪ ಗೋಡೆ, ಕಬ್ಬಿಣದ ಸರಳುಗಳಿರುವ ಕಾಂಕ್ರೀಟು ಇವು ಅಲೆಯ ಬಲವನ್ನು ಬಹುವಾಗಿ ಕುಗ್ಗಿಸುತ್ತವೆ. ಲೋಹದ ಕಪಾಟು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ನೀರು ತುಂಬಿದ ತೊಟ್ಟಿ ಅದನ್ನು ಹೀರಿಕೊಳ್ಳುತ್ತದೆ. 5 ಗಿಗಾಹರ್ಟ್ಸ್ ಅಲೆ ಹೆಚ್ಚು ವೇಗವನ್ನು ಕೊಡಬಲ್ಲದಾದರೂ ಗೋಡೆಯನ್ನು ದಾಟುವಲ್ಲಿ 2.4 ಗಿಗಾಹರ್ಟ್ಸ್ ಅಲೆಯೇ ಮೇಲು. ಆದಕಾರಣ ರೂಟರಿನ ಕೋಣೆಯಲ್ಲಿರುವವರು ಮೊದಲನೆಯದನ್ನೂ, ದೂರದ ಕೋಣೆಯಲ್ಲಿರುವವರು ಎರಡನೆಯದನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ತೆರೆದ ಕಡೆ ಇರಿಸಬೇಕು. ಅಂದಕ್ಕಾಗಿ ಅದನ್ನು ಉಕ್ಕಿನ ಕಪಾಟಿನ ಹಿಂದೆ ಅಡಗಿಸುವುದು ದೀಪವನ್ನು ಕೊಳಗದಡಿ ಮುಚ್ಚಿಟ್ಟಂತೆ.

ಅಲೆ ದುರ್ಬಲವಾಗಿರದಿದ್ದರೂ ಗದ್ದಲದಲ್ಲಿ ಸಿಲುಕಿರಬಹುದು. ಸಂತೆಯಲ್ಲಿ ಎಲ್ಲರೂ ಒಮ್ಮೆಗೇ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲ. ವೈ-ಫೈ ಸಾಧನಗಳು ಮಾತಾಡುವ ಮೊದಲು ಕಿವಿಗೊಟ್ಟು ಆಲಿಸಿ, ಬೇರೆ ಯಾರೂ ಮಾತಾಡುತ್ತಿಲ್ಲವೆಂದು ಕಂಡ ಮೇಲೆ ತಮ್ಮ ಸಂದೇಶವನ್ನು ಕಳುಹಿಸುತ್ತವೆ. ಸುತ್ತ ಹತ್ತಾರು ರೂಟರುಗಳಿರುವ ನಗರದ ವಠಾರದಲ್ಲಿ ಪ್ರತಿಯೊಂದು ಸಾಧನವೂ ತನ್ನ ಸರದಿಗಾಗಿ ಕಾಯುತ್ತಲೇ ಇರಬೇಕಾಗುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ 13 ಕಾಲುವೆಗಳನ್ನು ಗುರುತಿಸಿದ್ದರೂ ಅವು ಒಂದರ ಮೇಲೊಂದು ಚಾಚಿಕೊಂಡಿವೆ. ಒಂದಕ್ಕೊಂದು ತಾಗದವೆಂದು ಸಾಮಾನ್ಯವಾಗಿ ಬಳಸುವವು 1, 6 ಮತ್ತು 11 ಎಂಬ ಮೂರು ಮಾತ್ರ. ಇವುಗಳಲ್ಲಿ ನೆರೆಹೊರೆಯವರು ಕಡಿಮೆ ಬಳಸುವ ಕಾಲುವೆಯನ್ನು ರೂಟರಿನಲ್ಲಿ ಆರಿಸಿದರೆ ಗದ್ದಲ ತಗ್ಗುತ್ತದೆ.

ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸ್ ಅಲೆಯಿಂದಲೇ ಆಹಾರವನ್ನು ಕಾಯಿಸುತ್ತದೆ. ಅದರಿಂದ ಸೋರುವ ಅಲ್ಪ ಅಲೆ ದೇಹಕ್ಕೆ ಅಪಾಯಕರವಲ್ಲದಿದ್ದರೂ ವೈ-ಫೈಗೆ ತೊಡಕಾಗುತ್ತದೆ. ಈ ವಿಷಯದಲ್ಲಿ ವಿಜ್ಞಾನಿಗಳೂ ಬೇಸ್ತುಬಿದ್ದ ಪ್ರಸಂಗವೊಂದಿದೆ. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ 64 ಮೀಟರು ವ್ಯಾಸದ ರೇಡಿಯೊ ದೂರದರ್ಶಕವಿದೆ. 1998ರಿಂದ ಅದರ ದಾಖಲೆಗಳಲ್ಲಿ ಆಗಾಗ್ಗೆ ವಿಚಿತ್ರವಾದ ಸಂಕೇತಗಳು ಕಾಣಿಸಿಕೊಂಡವು. ಅವು ದೂರದ ಆಕಾಶಕಾಯಗಳಿಂದ ಬರುವ ಸಂಕೇತಗಳನ್ನು ಹೋಲುತ್ತಿದ್ದವು. ಕೊನೆಗೆ ಸುತ್ತಮುತ್ತಲಿನ ರೇಡಿಯೊ ಗದ್ದಲವನ್ನು ಅಳೆಯುವ ಉಪಕರಣವೊಂದನ್ನು ಅಲ್ಲಿ ಸ್ಥಾಪಿಸಲಾಯಿತು. ವಿಚಿತ್ರ ಸಂಕೇತ ಬಂದ ಗಳಿಗೆಯಲ್ಲಿಯೇ 2.4 ಗಿಗಾಹರ್ಟ್ಸ್ ಸುತ್ತಲೂ ಅಲೆ ಹೊಮ್ಮಿದುದನ್ನು ಅದು ತೋರಿಸಿತು. ಕೇಂದ್ರದ ಸಿಬ್ಬಂದಿ ಮೈಕ್ರೋವೇವ್ ಒಲೆಯ ಬಾಗಿಲನ್ನು ಅದು ನಿಲ್ಲುವುದಕ್ಕೆ ಮುಂಚೆಯೇ ತೆರೆದಾಗ ಹೊಮ್ಮುವ ಅಲೆಯೇ ಆ ಸಂಕೇತವೆಂದು 2015ರಲ್ಲಿ ನಿರ್ಧಾರವಾಯಿತು. ಒಲೆಯ ಬಾಗಿಲನ್ನು ಬೇಕೆಂದೇ ತೆರೆದು, ದೂರದರ್ಶಕವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಸಂಶೋಧಕರು ಅದನ್ನು ಪರೀಕ್ಷಿಸಿ ನೋಡಿದ್ದರು. ಆಕಾಶದಲ್ಲಿ ಹುಡುಕುತ್ತಿದ್ದ ಕಾರಣ ಅಡುಗೆಯ ಕೋಣೆಯಲ್ಲಿತ್ತು.

ಅಲೆ ಬಲವಾಗಿದೆ, ಗುಪ್ತಪದ ಸರಿಯಿದೆ, ಆದರೂ ಸಂಪರ್ಕ ಸಿಗುವುದಿಲ್ಲ ಎಂಬ ಸಂದರ್ಭವೂ ಉಂಟು. ಅಂಚೆಯವನಿಗೆ ವಿಳಾಸ ಬೇಕಾಗುವಂತೆ ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಅಂಕೆಗಳಿಂದಾದ ವಿಳಾಸವೊಂದು ಬೇಕು. ಮನೆಯೊಳಗೆ ಅದನ್ನು ಹಂಚುವವನು ರೂಟರು. ಮನೆಯ ವಿಳಾಸಗಳು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತವೆ. ರೂಟರಿನಿಂದ ವಿಳಾಸ ದೊರೆಯದಾಗ ಕಂಪ್ಯೂಟರು ತಾನೇ ಒಂದು ವಿಳಾಸವನ್ನು ಇಟ್ಟುಕೊಳ್ಳುತ್ತದೆ, ಅದು 169.254 ಎಂದು ಆರಂಭವಾಗುತ್ತದೆ. ಸಂಪರ್ಕದ ವಿವರಗಳಲ್ಲಿ ಈ ಅಂಕೆಗಳು ಕಂಡರೆ ರೂಟರು ವಿಳಾಸ ಕೊಟ್ಟಿಲ್ಲವೆಂದು ಅರ್ಥ. ಆಗ ರೂಟರನ್ನು ಆರಿಸಿ, ಅರ್ಧ ನಿಮಿಷ ಕಾದು, ಮತ್ತೆ ಹೊತ್ತಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಬೇಕು. ಆರಿಸಿ ಹೊತ್ತಿಸುವುದರಲ್ಲಿ ಮಂತ್ರವೇನೂ ಇಲ್ಲ. ರೂಟರೂ ಒಂದು ಸಣ್ಣ ಕಂಪ್ಯೂಟರೇ. ದಿನಗಟ್ಟಲೆ ನಡೆಯುವಾಗ ಅದರ ತಾತ್ಕಾಲಿಕ ಸ್ಮೃತಿಯಲ್ಲಿ ಗೋಜಲು ಸೇರಿಕೊಳ್ಳಬಹುದು. ವಿದ್ಯುತ್ತು ನಿಂತಾಗ ಆ ಸ್ಮೃತಿ ಅಳಿದು ಯಂತ್ರ ಮೊದಲಿನಿಂದ ಕೆಲಸ ಆರಂಭಿಸುತ್ತದೆ.

ಇನ್ನು ಹೆಸರಿನ ಸಮಸ್ಯೆ. ಜನರು ತಾಣಗಳನ್ನು ಹೆಸರಿನಿಂದ ಕರೆಯುತ್ತಾರೆ. ಯಂತ್ರಗಳಿಗೆ ಬೇಕಾದುದು ಅಂಕೆಯ ವಿಳಾಸ. ಹೆಸರನ್ನು ಅಂಕೆಯಾಗಿ ತಿಳಿಸಿಕೊಡುವ ಸೂಚಿಕಾ ಯಂತ್ರಗಳು ಜಾಲದಲ್ಲಿವೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈ ವ್ಯವಸ್ಥೆಯನ್ನು ರೂಪಿಸಿದರು. ಸೂಚಿಕೆ ಉತ್ತರಿಸದಿದ್ದರೆ ದಾರಿಯೆಲ್ಲ ತೆರೆದಿದ್ದರೂ ಪುಟ ಬಾರದು. ಅಂಕೆಯ ವಿಳಾಸಕ್ಕೆ ಕಳುಹಿಸಿದ ಪರೀಕ್ಷಾ ಸಂದೇಶಕ್ಕೆ ಮರುತ್ತರ ಬಂದು, ಹೆಸರಿಗೆ ಕಳುಹಿಸಿದುದಕ್ಕೆ ಬಾರದಿದ್ದರೆ ದೋಷ ಸೂಚಿಕೆಯದೆಂದು ನಿಶ್ಚಯಿಸಬಹುದು. ಬೇರೊಂದು ಸೂಚಿಕೆಯ ವಿಳಾಸವನ್ನು ಕಂಪ್ಯೂಟರಿಗೆ ಕೊಡುವುದು ಇದಕ್ಕೆ ಪರಿಹಾರ.

ಗಡಿಯಾರದ ಮಾತೂ ಇಲ್ಲಿ ಬರುತ್ತದೆ. ಸುರಕ್ಷಿತವಾದ ತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಬಸ್ಸಿನ ಪಾಸಿನಂತೆ ಅದಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತವೆ. ಕಂಪ್ಯೂಟರಿನ ದಿನಾಂಕ ತಪ್ಪಾಗಿದ್ದರೆ ಸರಿಯಾದ ಪ್ರಮಾಣಪತ್ರವೂ ಅದಕ್ಕೆ ಸಲ್ಲದೆಂದು ತೋರಿ, ಪುಟವನ್ನು ತಡೆಹಿಡಿದು ಎಚ್ಚರಿಕೆ ನೀಡುತ್ತದೆ. ಯಂತ್ರವನ್ನು ಆರಿಸಿದಾಗಲೂ ಕಾಲಗಣನೆ ನಿಲ್ಲದಂತೆ ಅದರೊಳಗೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ವರ್ಷಗಳು ಕಳೆದು ಅದು ಬರಿದಾದರೆ, ವಿದ್ಯುತ್ತು ಹೋಗಿ ಬಂದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ.

ಮನೆಯ ಯಾವ ಸಾಧನಕ್ಕೂ ಜಾಲ ದೊರೆಯದಿದ್ದಾಗ ಹೊರಗಿನ ತಂತಿಯ ಕಡೆ ನೋಡಬೇಕು. ಗಾಜಿನ ತಂತುವಿನ ಸಂಪರ್ಕವಿರುವ ಪೆಟ್ಟಿಗೆಗಳಲ್ಲಿ ತಂತುವಿನ ಬೆಳಕು ಬಾರದಾದರೆ ಸಾಮಾನ್ಯವಾಗಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ತಂತು ಕಡಿದಿರಬಹುದು, ಇಲ್ಲವೆ ಬಾಗಿಲ ಸಂದಿಯಲ್ಲಿ ಅತಿಯಾಗಿ ಬಾಗಿ ಬೆಳಕು ಸೋರಿಹೋಗಿರಬಹುದು. ಬಾಗಿದುದನ್ನು ಮೆಲ್ಲನೆ ಸಡಿಲಿಸಬಹುದು. ಕಡಿದುದನ್ನು ಸೇವಾಸಂಸ್ಥೆಯವರೇ ಜೋಡಿಸಬೇಕು. ತಂತುವಿನ ತುದಿಯನ್ನು ಎಂದಿಗೂ ಕಣ್ಣಿಟ್ಟು ನೋಡಬಾರದು. ಅದರಲ್ಲಿ ಹರಿಯುವ ಬೆಳಕು ಕಾಣಿಸದಿದ್ದರೂ ಕಣ್ಣಿಗೆ ಹಾನಿಕರ. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ರೂಟರಿನ ವಿದ್ಯುತ್ತಿನ ತಂತಿಯನ್ನು ಕಳಚಿಡುವುದು ಕ್ಷೇಮಕರ. ಸಿಡಿಲು ಆರಂಭವಾದ ಮೇಲೆ ಅದನ್ನು ಮುಟ್ಟಬಾರದು.

ಮಾಡಬಾರದ ಕೆಲಸಗಳೂ ಕೆಲವಿವೆ. ರೂಟರಿನ ಹಿಂಬದಿಯಲ್ಲಿರುವ ಸಣ್ಣ ರಂಧ್ರದ ಗುಂಡಿಯನ್ನು ಸೂಜಿಯಿಂದ ಒತ್ತಿ ಹಿಡಿದರೆ ಅದರ ಎಲ್ಲ ಜೋಡಣೆಗಳೂ ಅಳಿಸಿಹೋಗುತ್ತವೆ. ಇದು ಆರಿಸಿ ಹೊತ್ತಿಸಿದಂತಲ್ಲ. ತೊಂದರೆ ನೀಗಲೆಂದು ಗುಪ್ತಪದವನ್ನೇ ತೆಗೆದುಹಾಕಿದರೆ ಮನೆಯ ಜಾಲ ದಾರಿಹೋಕರ ಪಾಲಾಗುತ್ತದೆ. ತಾನು ದುರಸ್ತಿ ಮಾಡುವೆನೆಂದು ಅಪರಿಚಿತನು ಕರೆಮಾಡಿ ಗುಪ್ತಪದವನ್ನು ಕೇಳಿದರೆ ಕೊಡಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಹಲವು ಜೋಡಣೆಗಳನ್ನು ಒಟ್ಟಿಗೆ ಬದಲಿಸಬಾರದು. ಒಂದನ್ನು ಬದಲಿಸಿ, ಫಲವನ್ನು ನೋಡಿ, ಫಲವಿಲ್ಲದಿದ್ದರೆ ಅದನ್ನು ಮೊದಲಿನಂತೆ ಮಾಡಿ, ಅನಂತರ ಮುಂದಿನದಕ್ಕೆ ಹೋಗಬೇಕು. ಮಾಡಿದುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ಕ್ರಮವೂ ಇದೇ.

ಈಗ ಮಲೆನಾಡಿನ ಆ ಮನೆಗೆ ಮರಳಬಹುದು. ವಿದ್ಯಾರ್ಥಿನಿ ತಂದೆಯ ಫೋನಿನ ಮೊಬೈಲ್ ಡೇಟಾವನ್ನು ಆರಿಸಿ, ಮನೆಯ ವೈ-ಫೈಗೆ ಜೋಡಿಸಿ, ಅರ್ಜಿಯ ಪುಟವನ್ನು ತೆರೆದಳು. ಪುಟ ಬಂದಿತು. ಆದುದರಿಂದ ತಂತಿ ಕಡಿದಿಲ್ಲ, ರೂಟರನ್ನು ಆರಿಸಬೇಕಾಗಿಯೂ ಇಲ್ಲ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ವೈ-ಫೈ ಚಿಹ್ನೆ ಪೂರ್ಣವಾಗಿ ಬೆಳಗುತ್ತಿತ್ತು, ವಿಳಾಸವೂ 192.168 ಎಂದೇ ಆರಂಭವಾಗಿತ್ತು. ಉಳಿದುದು ಆ ಎಚ್ಚರಿಕೆಯ ಮಾತು. ಯಾರೂ ಪೂರ್ತಿ ಓದದಿದ್ದ ಅದನ್ನು ಆಕೆ ನಿಧಾನವಾಗಿ ಓದಿದಳು. ಕಂಪ್ಯೂಟರಿನ ಗಡಿಯಾರ ತಪ್ಪಾಗಿದೆ ಎಂದು ಅದರಲ್ಲಿ ಬರೆದಿತ್ತು. ಚಿಹ್ನೆಯ ಪಕ್ಕದಲ್ಲಿದ್ದ ದಿನಾಂಕವನ್ನು ನೋಡಿದರೆ, ಆಕೆ ಇನ್ನೂ ಹುಟ್ಟದೆ ಇದ್ದ ವರ್ಷ ಅಲ್ಲಿತ್ತು. ಮಧ್ಯಾಹ್ನ ವಿದ್ಯುತ್ತು ಹೋದಾಗ ಬರಿದಾದ ಬ್ಯಾಟರಿ ಕಾಲವನ್ನು ಕಾಪಾಡಲಾರದೆ ಹೋಗಿತ್ತು.

ಆಕೆ ದಿನಾಂಕವನ್ನು ತಿದ್ದಿದಳು. ಪುಟ ತೆರೆಯಿತು. ರಾತ್ರಿ ಒಂಬತ್ತು ಗಂಟೆಗೆ ಮುಂಚೆಯೇ ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿಯ ಸಂಖ್ಯೆ ಕೈಸೇರಿತು. ಹೊಸ ಯಂತ್ರದ ಅಗತ್ಯವೇನೂ ಬೀಳಲಿಲ್ಲ. ಮರುವಾರ ಪೇಟೆಯಿಂದ ತಂದ ಒಂದು ಸಣ್ಣ ಬ್ಯಾಟರಿ ಸಾಕಾಯಿತು.